ಬಯಲ್ನಾಡಿನ ಶಾಸನಗಳ ವಿಳಾಸ: ತಾಲ್ಲೂಕುವಾರು ಕ್ರಮದ ಮರುಪರಿಶೀಲನೆ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ ನಮಗೆ ಶಾಸನಪಾಠಗಳ ಜೊತೆಗೆ ಅವನ್ನು ಗುರುತಿಸುವ ಒಂದು ಕ್ರಮವನ್ನೂ ಕೊಟ್ಟಿತು. 1894 ಮತ್ತು 1898ರ ಮೈಸೂರು ಜಿಲ್ಲಾ ಸಂಪುಟಗಳಲ್ಲಿ ಅದು ಸ್ಪಷ್ಟವಾಗಿದೆ: ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಸಂಖ್ಯೆ. ಮದರಾಸಿನ ಶಾಸನ ಇಲಾಖೆ ಹಿಡಿದ ದಾರಿ ಬೇರೆ. ಪ್ರತಿ ತೆಗೆದ ವರ್ಷ ಮತ್ತು ಆ ವರ್ಷದ ಪಟ್ಟಿಯಲ್ಲಿನ ಸಂಖ್ಯೆ, ಇವೇ ಅಲ್ಲಿ ಶಾಸನದ ಗುರುತು. ಒಂದು ಸ್ಥಳಾನುಕ್ರಮ, ಇನ್ನೊಂದು ಸಂಗ್ರಹದ ದಿನಚರಿ. ಸ್ಥಳೀಯ ಚರಿತ್ರೆ ಬರೆಯುವವರಿಗೆ ರೈಸ್ ಕ್ರಮವೇ ಅನುಕೂಲ ಎಂಬುದರಲ್ಲಿ ತಕರಾರಿಲ್ಲ. ಆದರೆ ಸ್ಥಳವೇ ಶಾಸನದ ಗುರುತಾಗಬೇಕೆ? ಗಣಕ ಸೂಚಿಗಳೂ ಜಿಲ್ಲೆ, ತಾಲ್ಲೂಕು, ಊರು ಎಂಬ ಶ್ರೇಣಿಯನ್ನೇ ಹಿಡಿದರೆ ಏನಾದೀತು ಎಂಬುದನ್ನು ವಯನಾಡು ಚೆನ್ನಾಗಿ ತೋರಿಸುತ್ತದೆ.

ಅಂಬುಕುತ್ತಿ ಬೆಟ್ಟದ ಎಡಕ್ಕಲ್ ಗವಿಯನ್ನೇ ತೆಗೆದುಕೊಳ್ಳಿ. ಮಲಬಾರಿನ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ 1901ರ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಅದರ ಬಗ್ಗೆ ಬರೆದರು; ವಿಷ್ಣುವರ್ಮನ ಹೆಸರುಳ್ಳ ಅಲ್ಲಿನ ಪುಟ್ಟ ಬರಹವನ್ನು ಓದಿದವರು ಶಾಸನತಜ್ಞ ಹುಲ್ಟ್‌ಷ್. ಅಂದು ಆ ಗವಿ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. 1957ರಲ್ಲಿ ಮಲಬಾರ್ ಒಡೆದು, ಉತ್ತರ ವಯನಾಡು ಕಣ್ಣೂರಿಗೂ ದಕ್ಷಿಣ ವಯನಾಡು ಕೋಯಿಕ್ಕೋಡಿಗೂ ಸೇರಿದವು. 1980ರ ನವೆಂಬರ್ 1ರಂದು ವಯನಾಡೇ ಜಿಲ್ಲೆಯಾಯಿತು. ಬಂಡೆ ಕದಲಲಿಲ್ಲ, ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು. ಇದಕ್ಕೂ ಮೊದಲೇ, 1877ರಲ್ಲಿ, ಆಗ್ನೇಯ ವಯನಾಡನ್ನು ನೀಲಗಿರಿಗೆ ಕೊಡಲಾಗಿತ್ತು.

ಇನ್ನೂ ದೊಡ್ಡ ತೊಡಕು ಗಡಿಯ ಈಚೆಗಿದೆ. ಬಯಲ್ನಾಡನ್ನು, ಅಂದರೆ ಹಳೆಯ ವಯನಾಡನ್ನು, ಆಳಿದ ಕದಂಬರ ವಿಷಯ ನಮಗೆ ತಿಳಿಯುವುದು ಬಹುಮಟ್ಟಿಗೆ ಹೆಗ್ಗಡದೇವನಕೋಟೆಯ ಶಾಸನಗಳಿಂದ. ಹೊಯ್ಸಳ ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿಯಲ್ಲೂ ಬಯಲ್ನಾಡಿದೆ. ಅಂದರೆ ಒಂದೇ ನಾಡಿನ ಸಾಕ್ಷ್ಯಗಳು ಮೈಸೂರಿನ ಸಂಪುಟದಲ್ಲಷ್ಟು, ಮದರಾಸಿನ ವರದಿಗಳಲ್ಲಷ್ಟು ಹಂಚಿಹೋಗಿವೆ. ತಾಲ್ಲೂಕಿನ ಮೂಲಕ ಹುಡುಕುವವನಿಗೆ ಇವು ಒಟ್ಟಿಗೆ ಸಿಗುವುದೇ ಇಲ್ಲ. ಬಯಲ್ನಾಡಿನ ಚರಿತ್ರೆ ಇಂದಿಗೂ ಎರಡು ರಾಜ್ಯಗಳ ಅಡಿಟಿಪ್ಪಣಿಯಾಗಿ ಉಳಿದಿರುವುದಕ್ಕೆ ಈ ವಿಂಗಡಣೆಯೂ ಒಂದು ಕಾರಣವಿರಬಹುದು. ಏಕೈಕ ಕಾರಣವೆಂದು ನಾನು ಹೇಳಲಾರೆ.

ಹಾಗಾದರೆ ರೈಸ್ ಕ್ರಮ ಇಷ್ಟು ಕಾಲ ಬಾಳಿದ್ದು ಹೇಗೆ? ಅವರ ಸಂಖ್ಯೆಗಳು ಬಾಳಿದ್ದು ವಿಳಾಸಗಳಾಗಿ ಅಲ್ಲ, ಬರಿಯ ಹೆಸರುಗಳಾಗಿ ಎಂಬುದು ನನ್ನ ವಾದ. ನಾಗಮಂಗಲ, ಕೃಷ್ಣರಾಜಪೇಟೆಗಳು 1939ರಲ್ಲಿ ಮಂಡ್ಯ ಜಿಲ್ಲೆಗೆ ಹೋದವು. ಗುಂಡ್ಲುಪೇಟೆ 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಹಾಗೆಂದು ಯಾರೂ ಹಳೆಯ ಸಂಪುಟದ ಸಂಖ್ಯೆಗಳನ್ನು ತಿದ್ದಲಿಲ್ಲ. ತಿದ್ದದಿದ್ದುದೇ ಅವುಗಳ ಬಲ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಶಾಸನಗಳಿಗೆ ಹೊಸ ಸಂಖ್ಯೆ ಬಂದಾಗ, ಒಂದೇ ಕಲ್ಲಿಗೆ ಎರಡು ಹೆಸರಾಗಿ, ಹೊಂದಾಣಿಕೆ ಪಟ್ಟಿಯಿಲ್ಲದೆ ಓದುವುದು ಕಷ್ಟವಾಯಿತು. ಆ ಸಂಪುಟಗಳ ಪಾಠಶುದ್ಧಿಗೆ ನಾವೆಲ್ಲ ಋಣಿಗಳು. ನನ್ನ ಆಕ್ಷೇಪ ಸಂಖ್ಯೆಯ ಮಟ್ಟಿಗೆ ಮಾತ್ರ.

ಆದ್ದರಿಂದ ಗಣಕ ಸೂಚಿಯಲ್ಲಿ ದಾಖಲೆಯ ಗುರುತು ಮದರಾಸಿನ ಮಾದರಿಯದಾಗಿರಲಿ: ದಾಖಲಾದ ವರ್ಷ, ಸಂಖ್ಯೆ, ಮತ್ತೆಂದೂ ಬದಲಾಗದ್ದು. ಜಿಲ್ಲೆ, ತಾಲ್ಲೂಕುಗಳು ಇಂತಿಷ್ಟು ವರ್ಷದಿಂದ ಇಂತಿಷ್ಟು ವರ್ಷದವರೆಗೆ ಎಂಬ ಅವಧಿಯೊಡನೆ ಪ್ರತ್ಯೇಕ ಅಂಕಣಗಳಲ್ಲಿರಲಿ. ಶಾಸನವೇ ಹೇಳುವ ನಾಡಿಗೆ ಇನ್ನೊಂದು ಅಂಕಣ. ಆಗ ಪುನ್ನಾಡು ಆರುಸಾಸಿರವಾಗಲಿ ಬಯಲ್ನಾಡಾಗಲಿ ಇಂದಿನ ರಾಜ್ಯಗಡಿಯನ್ನು ದಾಟಿ ಒಂದೆಡೆ ಸೇರುತ್ತವೆ. ತಾಲ್ಲೂಕುವಾರು ಓದಬೇಕೆಂಬವರಿಗೂ ಅಡ್ಡಿಯಿಲ್ಲ. ವರ್ಷಾನುಕ್ರಮಕ್ಕೂ ಮಿತಿಯಿದೆ. ಒಂದೇ ಶಾಸನದ ಪ್ರತಿಯನ್ನು ಬೇರೆ ಬೇರೆ ವರ್ಷ ತೆಗೆದರೆ ಅದಕ್ಕೂ ಎರಡು ಸಂಖ್ಯೆ ಬೀಳುತ್ತದೆ. ಮೊದಲ ಸಂಖ್ಯೆಯನ್ನೇ ಉಳಿಸಿ, ನಂತರದ್ದನ್ನು ಅದಕ್ಕೆ ಜೋಡಿಸುವ ಶಿಸ್ತು ಇಲ್ಲಿ ಅಗತ್ಯ.

ನಾಡಿನ ಹೆಸರನ್ನೇ ಹೇಳದ ಶಾಸನಗಳ ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ. ಎಡಕ್ಕಲ್ಲಿನ ವಿಷ್ಣುವರ್ಮನ ಬರಹ ಅಂಥದು. ಅದನ್ನು ಬಯಲ್ನಾಡಿನ ಅಂಕಣಕ್ಕೆ ಸೇರಿಸಿದರೆ ಅದು ಶಾಸನದ ಮಾತಲ್ಲ, ನಮ್ಮ ಊಹೆ. ಖಾಲಿ ಬಿಟ್ಟರೆ, ಆ ನಾಡನ್ನು ಹುಡುಕುವವನಿಗೆ ಅದು ಕಾಣುವುದಿಲ್ಲ. ಪಾಠವನ್ನೂ ಸಂಪಾದಕನ ಊಹೆಯನ್ನೂ ಬೇರೆಬೇರೆಯಾಗಿ ಗುರುತಿಸುವ ಸಂಕೇತವೊಂದನ್ನು ಕನ್ನಡ ಮತ್ತು ಮಲಯಾಳದ ಶಾಸನತಜ್ಞರು ಕೂತು ನಿರ್ಧರಿಸಬೇಕಾಗಿದೆ.