700ಸಿ ಎಂಬ ಹಳೆಯ ಅಳತೆ

ಡಾಂಬರು, ಜಲ್ಲಿ, ಮಣ್ಣು ಮೂರರ ಮೇಲೂ ಓಡುವ ‘ಆಲ್-ರೋಡ್’ ಸೈಕಲ್ಲನ್ನು ಬಿಡಿಭಾಗ ಆರಿಸಿ ಕಟ್ಟಿಸಲು ಹೊರಟವರಿಗೆ ಮೊದಲ ತೊಡಕು ಅಂಕಿಗಳದ್ದು. 700ಸಿ, 650ಬಿ, 26 ಇಂಚು, 28 ಇಂಚು. ಇವುಗಳಲ್ಲಿ ತೀರ ವಿಚಿತ್ರವಾದದ್ದು 700ಸಿ. ರೇಸಿನ ಸೈಕಲ್ಲಿನ 700×23 ಟೈರಿಗೆ ಗಾಳಿ ತುಂಬಿ ಅಳೆದು ನೋಡಿ, 700 ಮಿ.ಮೀ. ಎಲ್ಲೂ ಸಿಗುವುದಿಲ್ಲ. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ 622. ಅದಕ್ಕೆ ಎರಡೂ ಬದಿಯ 23 ಸೇರಿಸಿದರೆ 668. ಮತ್ತೆ 700 ಎಲ್ಲಿಂದ ಬಂತು? ಫ್ರೆಂಚರ ಹಳೆಯ ಪದ್ಧತಿಯಲ್ಲಿ ಆ ಅಂಕಿ ಗಾಳಿ ತುಂಬಿದ ಟೈರಿನ ಹೊರ ವ್ಯಾಸ. ಅಕ್ಷರ ಟೈರಿನ ದಪ್ಪ. ಎ ಎಂದರೆ ತೆಳು, ಬಿ ನಡುವಿನದು, ಸಿ ದಪ್ಪನೆಯದು. ಹೊರ ವ್ಯಾಸ ಬದಲಾಗಬಾರದು, ಆದ್ದರಿಂದ ಟೈರು ದಪ್ಪವಾದಷ್ಟೂ ರಿಮ್ಮು ಚಿಕ್ಕದು: 700ಎಗೆ 642, ಬಿಗೆ 635, ಸಿಗೆ 622. ಈಗ 700ರಲ್ಲಿ 622 ಕಳೆದು ಅರ್ಧ ಮಾಡಿದರೆ ಬರುವುದು 39. ಅಂದರೆ ನಾವು ರೇಸಿನ ಚಕ್ರವೆಂದು ತಿಳಿದಿರುವುದು ಮೂಲತಃ 39 ಮಿ.ಮೀ. ದಪ್ಪದ ಟೈರಿಗೆಂದೇ ಹುಟ್ಟಿದ್ದು. ಇಂದು ‘ಗ್ರಾವೆಲ್’ ಎಂಬ ಹೊಸ ಹೆಸರಿನಲ್ಲಿ 38, 40ರ ಟೈರು ಹಾಕುವವರು ಹೊಸದೇನನ್ನೂ ಮಾಡುತ್ತಿಲ್ಲ. ಆ ಅಂಕಿಯನ್ನು ಮತ್ತೆ ನಿಜ ಮಾಡುತ್ತಿದ್ದಾರೆ. ನಡುವೆ ಟೈರು ಸಣಕಲಾದದ್ದಕ್ಕೆ ರಸ್ತೆಗಿಂತ ಬ್ರೇಕು ಮತ್ತು ನಂಬಿಕೆಯೇ ಹೆಚ್ಚು ಕಾರಣ ಎಂಬುದು ನನ್ನ ವಾದ.

ಗಾಳಿ ತುಂಬಿದ ಟೈರು ಬಂದದ್ದೇ ಕುಲುಕಾಟ ತಡೆಯಲಿಕ್ಕೆ. ಡನ್ಲಪ್ 1888ರಲ್ಲಿ ಪೇಟೆಂಟ್ ಪಡೆದರು. 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಓಟದಲ್ಲಿ ಶಾರ್ಲ್ ತೆರೋಂ ಬಿಚ್ಚಿ ಹಾಕಬಲ್ಲ ಮಿಶೆಲಿನ್ ಟೈರಿನ ಮೇಲೆ ಸುಮಾರು 1200 ಕಿ.ಮೀ. ದೂರವನ್ನು 72 ಗಂಟೆಯೊಳಗೆ ಮುಗಿಸಿ ಗೆದ್ದಾಗ ಅದರ ಬಗ್ಗೆ ಇದ್ದ ಅನುಮಾನ ಕರಗಿತು. ಸೇಂಟ್ ಎಟಿಯೆನ್‌ನಲ್ಲಿ 1887ರಿಂದ ‘ಲ ಸಿಕ್ಲಿಸ್ತ್’ ಪತ್ರಿಕೆ ನಡೆಸಿದ ಪಾಲ್ ದ ವಿವಿ, ಅಂದರೆ ‘ವೆಲೋಸಿಯೋ’, ಗುಡ್ಡದ ದಾರಿಯ ಸವಾರರಿಗೆ ಹಲವು ಗೇರು ಬೇಕೆಂದು ಹಟ ಹಿಡಿದು ಬರೆದರು. ರೇಸಿನವರು ಅದಕ್ಕೆ ಕಿವಿಗೊಡಲು ದಶಕಗಳೇ ಹಿಡಿದವು. ಟೂರ್ ದ ಫ್ರಾನ್ಸ್ ಗೇರು ಬದಲಿಸುವ ಡಿರೇಲರ್‌ಗೆ ಒಪ್ಪಿದ್ದು 1937ರಲ್ಲಿ. ಅಷ್ಟರಲ್ಲಿ ದೂರಸವಾರರ ಲೋಕ ಬಹಳ ಮುಂದೆ ಹೋಗಿತ್ತು. 1934ರಲ್ಲಿ ಶುರುವಾದ ತಾಂತ್ರಿಕ ಪರೀಕ್ಷೆಗಳಲ್ಲಿ ಫ್ರಾನ್ಸಿನ ಕುಶಲಕರ್ಮಿಗಳು ಮಡ್‌ಗಾರ್ಡು, ದೀಪ ಎಲ್ಲ ಇದ್ದೂ ಹಗುರಾಗಿರುವ, ಒರಟು ಬೆಟ್ಟದ ದಾರಿಯಲ್ಲಿ ಮುರಿಯದ ಸೈಕಲ್ಲುಗಳನ್ನು ಪೈಪೋಟಿಗೆ ಇಳಿಸಿದರು. ರೆನೆ ಹೆರ್ಸ್, ಅಲೆಕ್ಸ್ ಸಿಂಗರ್ ಅವರಂಥವರ ಕೈಯಲ್ಲಿ ಈ ಕಲೆ ಪಳಗಿತು. ಅವರ ಹಲವು ಸೈಕಲ್ಲುಗಳ ಚಕ್ರ 650ಬಿ, ರಿಮ್ಮು 584. ಫೋರ್ಕಿನ ಎರಡು ಕಾಲುಗಳಿಗೂ ಬೆಸೆದ ಗೂಟಗಳ ಮೇಲೆ ಕೂತ ಕ್ಯಾಂಟಿಲಿವರ್ ಬ್ರೇಕು, ದಪ್ಪ ಟೈರು, ಅದರ ಮೇಲೆ ಮಡ್‌ಗಾರ್ಡು, ಎಲ್ಲಕ್ಕೂ ಎಡೆಯಿತ್ತು. ಮೊದಲು ಟೈರು, ಆಮೇಲೆ ಅದನ್ನು ದಾಟಿ ರಿಮ್ಮು ಹಿಡಿಯಬಲ್ಲ ಬ್ರೇಕು, ಆಮೇಲೆ ಫ್ರೇಮು: ಅವರ ಕ್ರಮ ಇದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಕ್ರಮ ತಲೆಕೆಳಗಾಯಿತು. ಡಾಂಬರು ಹರಡಿತು, ಪೇಟೆಗೆ ಹೋಗಿಬರುವ ಜನ ಮೊಪೆಡ್ಡಿಗೂ ಕಾರಿಗೂ ದಾಟಿದರು, ಒಳ್ಳೆಯ ಸೈಕಲ್ ಎಂದರೆ ರೇಸಿನವರದ್ದು ಎಂಬಂತಾಯಿತು. ಟೈರಿನ ಮೇಲೆ ಕಮಾನಿನಂತೆ ಬಾಗಿ ಇಕ್ಕಳದ ಹಾಗೆ ರಿಮ್ಮು ಹಿಡಿಯುವ ಬ್ರೇಕಿನ ತೋಳು ಗಿಡ್ಡವಾದಷ್ಟೂ ಹಿಡಿತ ಬಿಗಿ. ಗಿಡ್ಡ ಮಾಡುತ್ತ ಹೋದಂತೆ ಅದರ ಕೆಳಗೆ 28 ಮಿ.ಮೀ. ಟೈರು ತೂರುವುದೂ ಪ್ರಯಾಸವಾಯಿತು. ಮಡ್‌ಗಾರ್ಡಿನ ಮಾತಂತೂ ಬೇಡ. ಬ್ರೇಕಿಗೆ ತಕ್ಕಂತೆ ಫ್ರೇಮು ಬಿಗಿಯಾಯಿತು, ಫ್ರೇಮಿಗೆ ತಕ್ಕಂತೆ ಟೈರು ತೆಳುವಾಯಿತು. ಪ್ರಯೋಗಶಾಲೆಯೂ ಇದಕ್ಕೆ ಮುದ್ರೆ ಒತ್ತಿತು. ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರು ಓಡಿಸಿದರೆ ಗಾಳಿ ಗಟ್ಟಿಯಾದಷ್ಟೂ ತಡೆ ಕಡಿಮೆ ಎಂದೇ ಲೆಕ್ಕ ಬರುತ್ತದೆ. ಉರುಳೆಗೆ ಸವಾರನಿಲ್ಲ, ಸೊಂಟನೋವೂ ಇಲ್ಲ. ನಿಜವಾದ ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಮನುಷ್ಯನನ್ನೂ ಸೈಕಲ್ಲನ್ನೂ ಎತ್ತಿ ಕುಕ್ಕುತ್ತದೆ. ಆ ನಡುಕದಲ್ಲಿ ಮಾಂಸಖಂಡ ನುಂಗುವ ಶಕ್ತಿ ಪೆಡಲಿನಿಂದಲೇ ಬರಬೇಕು. 2002ರಲ್ಲಿ ಅಮೆರಿಕದಲ್ಲಿ ಶುರುವಾದ ‘ವಿಂಟೇಜ್ ಬೈಸಿಕಲ್ ಕ್ವಾರ್ಟರ್ಲಿ’ಯ ಯಾನ್ ಹೈನ ಸವಾರನನ್ನು ಕೂರಿಸಿಯೇ ಪರೀಕ್ಷೆ ನಡೆಸಿ ತೋರಿಸಿದ್ದು ಇದನ್ನೇ.

ಹೈನ ತಾವೇ ದಪ್ಪ ಟೈರು ಮಾರುವವರು, ಅವರ ಮಾತು ಹೇಗೆ ನಂಬುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವರ ವ್ಯಾಪಾರದಿಂದ ಕವಡೆ ಕಾಸಿನ ಲಾಭವೂ ಇಲ್ಲದ ವೃತ್ತಿಪರ ತಂಡಗಳು 23ರಿಂದ 25ಕ್ಕೆ, 28ಕ್ಕೆ, ಈಗ ಅದಕ್ಕೂ ಮೇಲಕ್ಕೆ ಸರಿದಿವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಡಿಸ್ಕ್ ಬ್ರೇಕು ಬಂದು ಚಕ್ರದ ನಡುವಿಗೆ ಇಳಿದ ಮೇಲಲ್ಲವೇ ಟೈರಿಗೆ ಜಾಗ ಸಿಕ್ಕಿದ್ದು? ಹಾಗಿದ್ದರೆ ಇದು ತಂತ್ರಜ್ಞಾನದ ಕಥೆ, ನಂಬಿಕೆಯದ್ದಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಡಿಸ್ಕ್ ಬ್ರೇಕು ರೇಸಿನ ಅಂಗಳಕ್ಕೆ ಪೂರ್ತಿ ಕಾಲಿಟ್ಟದ್ದು 2018ರಲ್ಲಿ, ಆಮೇಲೆ ದಪ್ಪ ಟೈರಿನ ಹಾದಿ ಸಲೀಸಾಯಿತು. ಆದರೆ ಜಾಗ ಕೊಡುವ ಬ್ರೇಕು ಹೆರ್ಸ್ ಕಾಲದಲ್ಲೇ ಇತ್ತಲ್ಲ. ಬೇಡವೆಂದು ಬಿಟ್ಟವರು ಕೊಳ್ಳುವವರು. ಗಾಳಿಯ ಎದುರು ತೆಳು ಟೈರು ಮೇಲೆಂಬುದನ್ನು ಒಪ್ಪುತ್ತೇನೆ. ಅದು ಗುಂಪಿನಲ್ಲಿ 45 ಕಿ.ಮೀ. ವೇಗದಲ್ಲಿ ಹೋಗುವವರ ಚಿಂತೆ, ಕ್ಯಾರಿಯರಿನಲ್ಲಿ ಚೀಲ ಹೊತ್ತು 20ರಲ್ಲಿ ಹೋಗುವವರದ್ದಲ್ಲ.

ನಮ್ಮ ಊರುಗಳಲ್ಲಿ ಈ ಅಳತೆಯ ಜಗಳ ನಡೆಯಲೇ ಇಲ್ಲ. ಬ್ರಿಟಿಷರ ಮಾದರಿಯಿಂದ ಬಂದು ಹೀರೋ, ಅಟ್ಲಾಸ್ ಹೆಸರಿನಲ್ಲಿ ಹಳ್ಳಿಹಳ್ಳಿ ಸುತ್ತಿದ ಕಪ್ಪು ಸೈಕಲ್ಲಿನ ಟೈರು 28×1½. ರಿಮ್ಮು 635, ಅಂದರೆ ಫ್ರೆಂಚರ 700ಬಿ. ಒಂದೂವರೆ ಇಂಚು ಎಂದರೆ 38 ಮಿ.ಮೀ.; ಎರಡು ಬದಿ ಸೇರಿಸಿದರೆ 711, ಸರಿಯಾಗಿ 28 ಇಂಚು. ರಾಡ್ ಬ್ರೇಕು ರಿಮ್ಮನ್ನು ಒಳಗಿನಿಂದ ಮೇಲಕ್ಕೆಳೆದು ಹಿಡಿಯುವುದರಿಂದ ಟೈರಿನ ದಪ್ಪಕ್ಕೆ ಅಡ್ಡಬರಲಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಒಬ್ಬರು, ಮುಂದಿನ ಬಾರಿನ ಮೇಲೊಂದು ಮಗು ಹೊತ್ತು ಮಣ್ಣುದಾರಿಯಲ್ಲಿ ಓಡಿದ ಆ ಸೈಕಲ್ಲಿಗೆ ಆಲ್-ರೋಡ್ ಎಂಬ ಹೆಸರನ್ನು ಯಾರೂ ಇಡಲಿಲ್ಲ. ಅದರ ಟೈರು ಮಾತ್ರ ದಪ್ಪವಿದ್ದರೂ ಬಿರುಸು. ಹೆರ್ಸ್ ಕಾಲದ ಒಳ್ಳೆಯ ಟೈರಿನ ತೆಳುವಾದ, ಮೆತ್ತಗೆ ಬಾಗುವ ಪಕ್ಕೆ ಅದಕ್ಕಿರಲಿಲ್ಲ. ಹಗುರ ಓಟ ದಪ್ಪದಿಂದಷ್ಟೇ ಬರುವುದಿಲ್ಲ, ಪಕ್ಕೆಯ ನೂಲಿನಿಂದಲೂ ಬರುತ್ತದೆ. ಅಂಥ ಹಳೆಯ ಸೈಕಲ್ಲಿಗೆ ಇಂದಿನ ಒಳ್ಳೆಯ ಟೈರು ಹಾಕುವ ಆಸೆಯಿದ್ದರೆ ಚಕ್ರವನ್ನೇ 622ಕ್ಕೆ ಬದಲಿಸಬೇಕು. ರಿಮ್ಮು ಸುತ್ತಲೂ ಆರೂವರೆ ಮಿ.ಮೀ. ಒಳಗೆ ಸರಿಯುವುದರಿಂದ ರಾಡ್ ಬ್ರೇಕಿನ ಕಟ್ಟೆಗೆ ಅದು ಹೊಂದುವುದಿಲ್ಲ, ಬೇರೆ ಬ್ರೇಕು ಹುಡುಕಬೇಕು. ಫೋರ್ಕಿನಲ್ಲಂತೂ 40ರ ಟೈರಿಗೆ ಬೇಕಾದಷ್ಟು ಜಾಗ ಮೊದಲಿನಿಂದಲೂ ಇದೆ.