ಧಾರವಾಡ ಸೀಮೆಯ ಕನ್ನಡದಲ್ಲಿ ಭವಿಷ್ಯತ್ ಪೂರ್ಣ ರೂಪ

ಮುಂದೆ ಬರಲಿರುವ ಒಂದು ಹೊತ್ತಿಗೆ ಮೊದಲೇ ಮುಗಿದಿರುವ ಕೆಲಸವನ್ನು ಹೇಳುವ ಕ್ರಿಯಾರೂಪ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಆಡುಮಾತಿನಲ್ಲಿ ಇದು ಮಾಡಿರ್ತೇನಿ, ಹೋಗಿರ್ತಾನ, ಬಂದಿರ್ತಾಳ, ಮುಗದಿರ್ತೈತಿ ಎಂದು ಕೇಳಿಸುತ್ತದೆ. ಬರಹದ ಕನ್ನಡದಲ್ಲಿ ಮಾಡಿರುತ್ತೇನೆ, ಗ್ರಾಂಥಿಕದಲ್ಲಿ ಮಾಡಿರುವೆನು. ಫ್ರೆಂಚ್ ಭಾಷೆಯಲ್ಲಿ ‘ಫ್ಯುತ್ಯೂರ್ ಆಂತೇರಿಯೋರ್’ ಎಂಬ ಹೆಸರಿನ ಕಾಲ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಎರಡರ ರಚನೆಯೂ ಮೇಲ್ನೋಟಕ್ಕೆ ಒಂದೇ ಬಗೆಯದು, ಆದರೆ ನಡೆದು ಬಂದ ದಾರಿ ಮತ್ತು ಬಳಕೆ ಬೇರೆ.

ರಚನೆ ಸರಳ. ಮುಗಿದ ಕೆಲಸವನ್ನು ಹೇಳುವ ಕೃದಂತವನ್ನು (ಮಾಡಿ, ಹೋಗಿ, ಬಂದು, ತಿಂದು) ಮೊದಲು ಇಟ್ಟು, ‘ಇರು’ ಧಾತುವಿನ ವರ್ತಮಾನ ರೂಪವನ್ನು ಅದಕ್ಕೆ ಹಚ್ಚಿದರೆ ಆಯಿತು. ಲಿಂಗ, ವಚನ, ಪುರುಷಗಳೆಲ್ಲ ‘ಇರು’ವಿನ ಮೇಲೆಯೇ ಬೀಳುತ್ತವೆ: ಬಂದಿರ್ತೇನಿ, ಬಂದಿರ್ತೇವಿ, ಬಂದಿರ್ತೀರಿ, ಬಂದಿರ್ತಾರ. ನಪುಂಸಕ ಏಕವಚನದಲ್ಲಿ ಮಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ. ಹಳ್ಳಿಗಳ ಬಹುಪಾಲು ಜನ ಬಂದಿರ್ತೈತಿ ಎಂದರೆ, ಬ್ರಾಹ್ಮಣ ಮನೆಗಳಲ್ಲಿ ಬಂದಿರ್ತದ. ಐತಿ ಮತ್ತು ಅದ ಎಂಬ ಜೋಡಿಯ ಬೆನ್ನಿಗೇ ಬರುವ ಭೇದವಿದು. ಧಾರವಾಡದ ಕನ್ನಡದಲ್ಲಿ ಜಾತಿ ಸಮುದಾಯಗಳಿಗೆ ತಕ್ಕಂತೆ ನುಡಿ ಕವಲೊಡೆಯುವುದನ್ನು ವಿಲಿಯಂ ಮೆಕ್‌ಕಾರ್ಮಕ್ 1960ರಲ್ಲಿ ಪ್ರಕಟವಾದ ಲೇಖನದಲ್ಲಿ ಚರ್ಚಿಸಿದ್ದಾರೆ. ನಿಷೇಧಕ್ಕೆ ಬಂದಿರಂಗಿಲ್ಲ, ಬಂದಿರೂದಿಲ್ಲ ಎಂಬ ಎರಡೂ ರೂಪಗಳು ಓಡುತ್ತವೆ.

ಫ್ರೆಂಚಿನಲ್ಲಿ ಸಹಾಯಕ ಕ್ರಿಯೆಗಳು ಎರಡು. ಹೆಚ್ಚಿನ ಕ್ರಿಯೆಗಳಿಗೆ ‘ಉಳ್ಳು’ ಎಂಬರ್ಥದ ‘ಅವ್ವಾರ್’ ಬೇಕು: ‘ಜೋರೇ ಫಿನಿ’, ನಾನು ಮುಗಿಸಿರುತ್ತೇನೆ. ಹೋಗು, ಬರು, ಹುಟ್ಟು, ಸಾಯು ಮೊದಲಾದ ಕೆಲವಕ್ಕೆ ಮತ್ತು ಆತ್ಮಾರ್ಥಕ ಕ್ರಿಯೆಗಳಿಗೆ ‘ಇರು’ ಎಂಬರ್ಥದ ‘ಎತ್ರ್’ ಬೇಕು: ‘ಜ ಸರೇ ಅರಿವೇ’, ನಾನು ಬಂದು ಮುಟ್ಟಿರುತ್ತೇನೆ. ಕಲಿಯುವವರು ತಡವರಿಸುವುದು ಈ ಆಯ್ಕೆಯಲ್ಲೇ. ಕನ್ನಡದಲ್ಲಿ ಈ ಕವಲೇ ಇಲ್ಲ. ರೊಟ್ಟಿ ಬಡಿದರೂ ಊರು ಮುಟ್ಟಿದರೂ ಸಹಾಯಕ್ಕೆ ಬರುವುದು ‘ಇರು’ ಒಂದೇ.

ಫ್ರೆಂಚಿನ ಈ ಕಾಲ ಲ್ಯಾಟಿನ್ನಿನಿಂದ ನೇರವಾಗಿ ಇಳಿದು ಬಂದದ್ದಲ್ಲ. ಲ್ಯಾಟಿನ್ನಿನಲ್ಲಿ ‘ಕಂತಾವೆರೊ’ ಎಂಬ ಒಂದೇ ಪದ ‘ಹಾಡಿರುತ್ತೇನೆ’ ಎಂಬರ್ಥ ಕೊಡುತ್ತಿತ್ತು. ಆ ರೂಪ ಫ್ರೆಂಚಿಗೆ ಬರುವಷ್ಟರಲ್ಲಿ ಬಿದ್ದುಹೋಯಿತು. ಅದರ ಜಾಗದಲ್ಲಿ ‘ಹಬೇರೆ’ (ಉಳ್ಳು) ಧಾತುವನ್ನು ಹಚ್ಚಿ ಹೊಸ ಭವಿಷ್ಯತ್ತು ಮತ್ತು ಹೊಸ ಪೂರ್ಣ ರೂಪ ಎರಡನ್ನೂ ಕಟ್ಟಿಕೊಂಡರು. ‘ಓರೇ’ (ಉಳ್ಳವನಾಗುವೆನು) ಎಂಬ ಸಣ್ಣ ಪದದೊಳಗೆ ಆ ಹಳೆಯ ಧಾತು ಎರಡು ಸಲ ಅಡಗಿ ಕುಳಿತಿದೆ.

ಕನ್ನಡದ ಕಡೆ ಚರಿತ್ರೆಯೂ ಉದ್ದವೇ. ಹಳೆಯ ವ್ಯಾಕರಣಕಾರರು ಲೆಕ್ಕ ಹಾಕಿದ್ದು ಮೂರೇ ಕಾಲ. ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, 1260ರ ಸುಮಾರಿನ ಕೇಶಿರಾಜನ ‘ಶಬ್ದಮಣಿದರ್ಪಣ’, 1604ರಲ್ಲಿ ಭಟ್ಟಾಕಳಂಕ ಮುಗಿಸಿದ ‘ಕರ್ಣಾಟಕ ಶಬ್ದಾನುಶಾಸನ’, ಮೂರರಲ್ಲೂ ಇರುವುದು ಭೂತ, ವರ್ತಮಾನ, ಭವಿಷ್ಯತ್ತು ಮಾತ್ರ. ಕೇಶಿರಾಜ ಹೇಳುವ ಕಾಲಪ್ರತ್ಯಯಗಳು ದ, ದಪ, ವ: ಗೆಯ್ದಂ, ಗೆಯ್ದಪಂ, ಗೆಯ್ವಂ. ಇವುಗಳಲ್ಲಿ ನಡುವಿನದು ಕುತೂಹಲದ್ದು. ‘ಗೆಯ್ದಪಂ’ ಎಂಬ ವರ್ತಮಾನ ರೂಪ ‘ಗೆಯ್ದು’ ಎಂಬ ಭೂತ ಕೃದಂತಕ್ಕೆ ‘ಆಗು’ ಧಾತುವಿನ ಭವಿಷ್ಯದ್ರೂಪ ಸೇರಿ ಆದದ್ದೆಂದು ವಿದ್ವಾಂಸರು ವಿವರಿಸಿದ್ದಾರೆ. ಹಾಗಿದ್ದರೆ, ಇಂದಿನ ಭವಿಷ್ಯತ್ ಪೂರ್ಣದ ಅಚ್ಚಿನಲ್ಲೇ ಹಳಗನ್ನಡಿಗರು ತಮ್ಮ ವರ್ತಮಾನವನ್ನು ಎರಕ ಹೊಯ್ದಿದ್ದರು. ನಡುಗನ್ನಡದಲ್ಲಿ ಪಕಾರ ಹಕಾರವಾಗಿ ‘ಮಾಡಿದಹೆನು’, ‘ಮಾಡಿಹೆನು’ ಎಂಬ ರೂಪಗಳು ಬಂದವು. ಹೊಸಗನ್ನಡದಲ್ಲಿ ‘ಉತ್ತ’ ಸೇರಿದ ‘ಮಾಡುತ್ತೇನೆ’ ನೆಲೆನಿಂತ ಮೇಲೆ, ‘ಇರು’ವಿಗೂ ‘ಇರುತ್ತೇನೆ’ ಎಂಬ ರೂಪ ದಕ್ಕಿ ‘ಮಾಡಿರುತ್ತೇನೆ’ಗೆ ದಾರಿಯಾಯಿತು.

ಕೃದಂತಕ್ಕೆ ‘ಇರು’ ಕೂಡಿಸುವ ರೂಢಿ ಮಾತ್ರ ಬಹಳ ಹಳೆಯದು. ಅದರ ಗುರುತು ಧಾರವಾಡದ ದಿನದ ಮಾತಿನಲ್ಲೇ ಉಳಿದಿದೆ. ಬೇರೆ ಕಡೆ ‘ನಿಲ್ಲು’ ಎನ್ನುವಲ್ಲಿ ಇಲ್ಲಿಯವರು ನಿಂದ್ರು ಎನ್ನುತ್ತಾರೆ. ಇದು ‘ನಿಂದು’ ಮತ್ತು ‘ಇರು’ ಬೆಸೆದು ಆದ ಧಾತು. ‘ನಿಂದ್ರತಾನ’ ಎಂದರೆ ನಿಲ್ಲುತ್ತಾನೆ, ‘ನಿಂತಿರ್ತಾನ’ ಎಂದರೆ ಆಗಲೇ ನಿಂತ ಸ್ಥಿತಿಯಲ್ಲಿರುತ್ತಾನೆ. ಒಂದರಲ್ಲಿ ಕರಗಿಹೋದ ‘ಇರು’, ಇನ್ನೊಂದರಲ್ಲಿ ಎದ್ದು ಕಾಣುವ ‘ಇರು’.

ಧಾರವಾಡ ಸೀಮೆಯಲ್ಲೂ ಕನ್ನಡನಾಡಿನ ಉಳಿದೆಡೆಯೂ ಸಿಗುವ ದಾನಶಾಸನಗಳ ಕೊನೆಯ ಶಾಪವಾಕ್ಯ ನಮ್ಮ ವಿಷಯಕ್ಕೆ ಒಳ್ಳೆಯ ಸಾಕ್ಷಿ. ಧರ್ಮವನ್ನು ಮುಂದೆ ಎಂದಾದರೂ ಕೆಡಿಸುವವನನ್ನು ಅನೇಕ ಶಾಸನಗಳು ‘ಅೞಿದೊಂ’ ಎಂದು ಭೂತ ಕೃದಂತದಿಂದ ಕರೆದು, ಅವನಿಗೆ ಬರುವ ಪಾಪವನ್ನು ‘ಅಕ್ಕುಂ’ ಎಂದು ಮುಂದಿನ ಕಾಲದಲ್ಲಿ ಹೇಳುತ್ತವೆ. ಕೆಡಿಸುವ ಕೆಲಸ ಇನ್ನೂ ನಡೆದಿಲ್ಲ, ಆದರೂ ಪಾಪಕ್ಕಿಂತ ಅದು ಮೊದಲು ನಡೆಯಬೇಕು. ಆ ಮೊದಲು ಎಂಬುದನ್ನು ಕನ್ನಡ ಕೃದಂತದಲ್ಲೇ ಇಟ್ಟುಬಿಟ್ಟಿದೆ.

ಇದೇ ಕಾರಣಕ್ಕೆ ಫ್ರೆಂಚಿನಲ್ಲಿ ಈ ಕಾಲ ಕಡ್ಡಾಯವಾಗುವ ಕಡೆ ಕನ್ನಡಕ್ಕೆ ಅದು ಬೇಕೇ ಆಗುವುದಿಲ್ಲ. ‘ಕಾಂ’ (ಯಾವಾಗ), ‘ದೆ ಕ’ (ಕೂಡಲೆ) ಮುಂತಾದ ಪದಗಳ ನಂತರ, ಮುಂದೆ ಮೊದಲು ನಡೆಯುವ ಕೆಲಸಕ್ಕೆ ಫ್ರೆಂಚರು ಭವಿಷ್ಯತ್ ಪೂರ್ಣವನ್ನೇ ಹಚ್ಚಬೇಕು. ನವಲಗುಂದದ ರೈತ ‘ಊಟಾ ಮಾಡಿದ ಮ್ಯಾಲ ಹೊಲಕ್ಕ ಹೋಗ್ತೇನಿ’ ಎಂದು ಮುಗಿಸುತ್ತಾನೆ. ಊಟವೂ ನಾಳಿನದೇ ಆಗಿರಬಹುದು, ‘ಮಾಡಿದ’ ಎಂಬುದಕ್ಕೆ ಅದರಿಂದ ತೊಂದರೆಯಿಲ್ಲ.

ಹಾಗಾದರೆ ‘ಮಾಡಿರ್ತೇನಿ’ ಎಲ್ಲಿ ಬೇಕಾಗುತ್ತದೆ? ಕೆಲಸ ಮುಗಿದು ಅದರ ಫಲ ಆ ಹೊತ್ತಿಗೆ ಕಣ್ಣ ಮುಂದೆ ಇರುತ್ತದೆ ಎಂದು ಖಾತ್ರಿ ಕೊಡುವಲ್ಲಿ. ಜೊತೆಗೆ ಸಾಮಾನ್ಯವಾಗಿ ಒಂದು ಗಡುವು ಬರುತ್ತದೆ, ಅದನ್ನು ‘ಬರೂದ್ರಾಗ’, ‘ಅನ್ನೂದ್ರಾಗ’ ಎಂಬ ರೂಪಗಳು ಕಟ್ಟುತ್ತವೆ. ‘ನೀವು ಬರೂದ್ರಾಗ ರೊಟ್ಟಿ ಬಡದಿರ್ತೇನ್ರಿ ಅತ್ತಿ.’ ಎರಿಭೂಮಿಯ ನವಲಗುಂದ, ಅಣ್ಣಿಗೇರಿಗಳಲ್ಲಿ: ‘ದೀಪಾವಳಿ ಬರೂದ್ರಾಗ ಕಡ್ಲಿ ಬಿತ್ತಿರ್ತೇವಿ.’ ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಒಣಭೂಮಿಗೇ ಭತ್ತ ಬಿತ್ತುವ ರೂಢಿಯಿರುವುದರಿಂದ: ‘ಮಳಿ ಜೋರ ಹಿಡಿಯೂದ್ರಾಗ ಭತ್ತಾ ಬಿತ್ತಿರ್ತಾರ.’ ಬೇಸಾಯದ ಕೆಲಸಕ್ಕೆ ಗಡುವು ಹಾಕುವುದು ಹಬ್ಬ, ಹುಣ್ಣಿಮೆ, ಮಳೆಗಳೇ. ಈ ರೂಪ ಹಳ್ಳಿಯಲ್ಲಿ ಇಷ್ಟು ಜೀವಂತವಾಗಿರುವುದಕ್ಕೆ ಅದೂ ಒಂದು ಕಾರಣವೆಂದು ತೋರುತ್ತದೆ.

ಎರಡನೆಯ ಬಳಕೆ ಊಹೆಯದು. ಇಲ್ಲಿ ಭವಿಷ್ಯದ ಮಾತೇ ಇಲ್ಲ. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬಸ್ ಬಿಟ್ಟು ಸ್ವಲ್ಪ ಹೊತ್ತಾಗಿದ್ದರೆ ‘ಈಗ ಕುಸುಗಲ್ಲ ದಾಟಿರ್ತೈತಿ’ ಎನ್ನುತ್ತಾರೆ. ನೋಡಿದವರು ‘ದಾಟೈತಿ’ ಎಂದಾರು, ನೋಡದೆ ಲೆಕ್ಕ ಹಾಕಿದವರು ‘ದಾಟಿರ್ತೈತಿ’. ಫ್ರೆಂಚಿನವರೂ ಬರಬೇಕಾದವನು ಬರದಿದ್ದಾಗ ‘ಇಲ್ ಓರಾ ಉಬ್ಲಿಯೇ’, ಮರೆತಿರುತ್ತಾನೆ, ಎಂದು ಇದೇ ಕಾಲವನ್ನು ಊಹೆಗೆ ತಿರುಗಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಹೀಗೆ ಒಂದೇ ಕಡೆ ಬಂದು ಮುಟ್ಟಿರುವುದು ಗಮನಿಸಬೇಕಾದದ್ದು. ಊಹೆ ಇನ್ನೂ ಸಡಿಲವಾಗಿದ್ದರೆ ಕನ್ನಡದಲ್ಲಿ ‘ಬಂದಾನು’ ಎಂಬ ಸಂಭಾವನಾ ರೂಪವಿದೆ. ಧಾರವಾಡದಲ್ಲಿ ಇದನ್ನು ‘ಬಂದಾನ’ (ಬಂದಿದ್ದಾನೆ) ಎಂಬುದರಿಂದ ಬೇರ್ಪಡಿಸುವುದು ಕೊನೆಯ ಸ್ವರವೊಂದೇ, ಹೊರಗಿನಿಂದ ಬಂದವರ ಕಿವಿಗೆ ಅದು ಬೇಗ ಸಿಗುವುದಿಲ್ಲ.

ಮೂರನೆಯದು ರೂಢಿಯನ್ನು ಹೇಳುವುದು: ‘ದಿನಾ ಹೊತ್ತ ಹೊಂಡೂದ್ರಾಗ ಹೊಲಕ್ಕ ಹೋಗಿರ್ತಾನ.’ ಫ್ರೆಂಚಿನ ಭವಿಷ್ಯತ್ ಪೂರ್ಣ ಈ ಕೆಲಸಕ್ಕೆ ಒಗ್ಗದು. ಕನ್ನಡದಲ್ಲಿ ಭೂತ ಮತ್ತು ಭೂತೇತರ ಎಂಬ ಎರಡೇ ಕಾಲಗಳಿವೆ ಎಂಬ ಡಿ. ಎನ್. ಶಂಕರ ಭಟ್ಟರ ವಾದ ಇಲ್ಲಿ ಸರಿಯಾಗಿ ಕೂಡುತ್ತದೆ. ‘ಇರ್ತಾನ’ ಎಂಬುದು ಇಂದಿನ ರೂಢಿಗೂ ನಾಳಿನ ಮಾತಿಗೂ ಒಂದೇ ಆಗಿರುವಾಗ, ಅದರ ಮೇಲೆ ಕಟ್ಟಿದ ‘ಹೋಗಿರ್ತಾನ’ ಕೂಡ ಎರಡಕ್ಕೂ ಸಲ್ಲುತ್ತದೆ. ಆದ್ದರಿಂದ ಕನ್ನಡದ ಮಟ್ಟಿಗೆ ‘ಭವಿಷ್ಯತ್ ಪೂರ್ಣ’ ಎಂಬ ಹೆಸರು ಅರ್ಧ ಮಾತ್ರ ಸರಿ. ಪೂರ್ಣತೆ ರೂಪದಲ್ಲಿಯೇ ಇದೆ, ಭವಿಷ್ಯತ್ತನ್ನು ಸಂದರ್ಭ ಒದಗಿಸುತ್ತದೆ. ನಡೆಯದೆ ಹೋದದ್ದಕ್ಕೆ ‘ಇರ್ತಿದ್ದ’ ಎಂದು ಇನ್ನೊಂದು ಹೆಜ್ಜೆ ಹಿಂದೆ ಸರಿಯಬಹುದು: ‘ಮಳಿ ಆಗಿದ್ರ ಇಷ್ಟೊತ್ತಿಗೆ ಬಿತ್ತಿರ್ತಿದ್ವಿ.’



ಕಚೇರಿಯ ಕನ್ನಡದಲ್ಲಿ ಈ ರೂಪ ಬೇರೆಯೇ ದಾರಿ ಹಿಡಿದಿದೆ. ಖರೀದಿ ಪತ್ರದಲ್ಲಿ ‘ಬರೆದುಕೊಟ್ಟಿರುತ್ತೇನೆ’, ಅರ್ಜಿಯಲ್ಲಿ ‘ಸಾಲ ಪಡೆದಿರುತ್ತೇನೆ’, ನೋಟಿಸಿನಲ್ಲಿ ‘ತಿಳಿಸಲಾಗಿರುತ್ತದೆ’. ಇವುಗಳಲ್ಲಿ ಊಹೆಯೂ ಇಲ್ಲ, ಮುಂದಿನ ಗಡುವೂ ಇಲ್ಲ. ಮುಗಿದುಹೋದ, ಸಾಕ್ಷಿಸಮೇತ ನಡೆದ ಕೆಲಸಕ್ಕೇ ಇದನ್ನು ಬಳಸುತ್ತಾರೆ. ಪತ್ರವನ್ನು ಯಾರು ಯಾವಾಗ ತೆರೆದರೂ ಆ ಮಾತು ಊರ್ಜಿತವಾಗಿಯೇ ಇರಬೇಕೆಂಬ ಉದ್ದೇಶಕ್ಕೆ ‘ಇರುತ್ತೇನೆ’ ಹೊಂದಿಕೊಂಡಿತೆಂದು ಹೇಳಬಹುದು. ಆದರೆ ಆಡುಮಾತಿನ ಕಿವಿಗೆ ಇದು ತಿರುವುಮುರುವಾಗಿ ಕೇಳುತ್ತದೆ. ಸಾಲದ ಬಗ್ಗೆ ಬಾಯಲ್ಲಿ ‘ತಗೊಂಡೇನ್ರಿ’ ಎಂದು ಖಚಿತವಾಗಿ ಹೇಳಿದ ಕುಂದಗೋಳದ ರೈತ ಹೆಬ್ಬೆಟ್ಟು ಒತ್ತುವ ಕಾಗದದಲ್ಲಿ ‘ಪಡೆದಿರುತ್ತೇನೆ’ ಎಂದಿರುತ್ತದೆ. ಅವನ ಮನೆಮಾತಿನಲ್ಲಿ ಆ ರೂಪ ನೋಡದ್ದನ್ನು ಲೆಕ್ಕ ಹಾಕಿ ಹೇಳುವುದಕ್ಕೆ ಸಲ್ಲುವಂಥದು.