ಎಡೆದೊರೆ ನಾಡಿನ ಒಡೆತನದ ವೃತ್ತಾಂತ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗ, ಮಸ್ಕಿ, ಸಿಂಧನೂರು ಎಲ್ಲವೂ ಈ ನಾಡಿನ ಊರುಗಳು. ಇದರ ಒಡೆತನಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದನು. ಮುಂದೆ ಆದಿಲ್ ಶಾಹಿಗಳು ಮರಳಿ ಬಂದರು, ಮೊಗಲರು ಬಂದರು, ನಿಜಾಮರು ಬಂದರು. ಕೋಟೆಯ ನಿಶಾನೆ ಬದಲಾಯಿತು, ಕಂದಾಯ ಎತ್ತುವ ಕೈ ಬದಲಾಯಿತು. ಬಿತ್ತುವ ಬೀಜ ಮಾತ್ರ ಬಿತ್ತುವವನ ಮನೆಯಲ್ಲೇ ಉಳಿಯಿತು.

ಕವಿತಾಳದ ಸುತ್ತಿನ ಎರೆ ಹೊಲಗಳು ಜೋಳಕ್ಕೂ ಹತ್ತಿಗೂ ಹೇಳಿ ಮಾಡಿಸಿದವು. ಸುಗ್ಗಿಯಲ್ಲಿ ಮನೆಯ ಹೆಂಗಸರು ತುಂಬುಗಾಳಿನ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ಎತ್ತಿಡುತ್ತಿದ್ದರು. ಕಾಳಿಗೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಕಾಪಾಡುತ್ತಿದ್ದರು. ಹತ್ತಿಕಾಳನ್ನು ಸಗಣಿ ಬಗ್ಗಡದಲ್ಲಿ ತಿಕ್ಕಿ, ಒಣಗಿಸಿ ಬಿತ್ತುತ್ತಿದ್ದರು. ಬೀಜ ತಪ್ಪಿದವರು ನೆರೆಯವರಲ್ಲಿ ಕಡ ತಂದು, ಬೆಳೆ ಬಂದ ಮೇಲೆ ತುಸು ಹೆಚ್ಚಿಗೆ ಅಳೆದು ಕೊಡುತ್ತಿದ್ದರು. ಬೀಜಕ್ಕೆ ಬೆಲೆ ಇತ್ತು, ಆದರೆ ಕೊಂಡ ಮೇಲೂ ಬಿಡದೆ ಹಿಂಬಾಲಿಸುವ ಒಡೆಯ ಇರಲಿಲ್ಲ.

ಮೊದಲ ಬದಲಾವಣೆ ಬಂದದ್ದು ನಮ್ಮದೇ ವಿಜ್ಞಾನದಿಂದ. 1972ರಲ್ಲಿ ಧಾರವಾಡದ ಬಿ. ಎಚ್. ಕಟರಕಿಯವರು ಹತ್ತಿಯ ಎರಡು ಪ್ರಭೇದಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರಣ ತಳಿಯನ್ನು ಕೊಟ್ಟರು. ಉದ್ದ ಎಳೆಯ, ಹೆಚ್ಚು ಇಳುವರಿಯ ಆ ಹತ್ತಿ ರೈತನಿಗೆ ಹಣ ತಂದಿತು. ಆದರೆ ಸಂಕರಣ ಬೀಜದ ಗುಣ ಮರುವರ್ಷಕ್ಕೆ ಚದುರಿಹೋಗುತ್ತದೆ. ಹೊಲದ ಕಾಳನ್ನೇ ಮತ್ತೆ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ತೆರನಾಗಿ ಏಳುತ್ತವೆ. ಹೀಗಾಗಿ ಪ್ರತಿ ಮುಂಗಾರಿಗೂ ಅಂಗಡಿಯ ಮುಂದೆ ನಿಲ್ಲುವ ರೂಢಿ ಬೆಳೆಯಿತು. ಇದು ಪ್ರಕೃತಿಯ ಕಟ್ಟು. ಇದರ ಹಿಂದೆ ಯಾರ ದುರಾಸೆಯೂ ಇರಲಿಲ್ಲ. ಆದರೂ ಮುಂದೆ ಬಂದ ಕಂಪನಿಗಳಿಗೆ ಈ ದಾರಿ ಸಿದ್ಧವಾಗಿ ಸಿಕ್ಕಿತು.

1990ರ ದಶಕದಲ್ಲಿ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ಸುದ್ದಿ ಹಳ್ಳಿಗಳನ್ನು ಮುಟ್ಟಿತು. ಬೀಜದ ಮೇಲೂ ಪೇಟೆಂಟ್ ಬರಲಿದೆ ಎಂಬ ಆತಂಕ ಹರಡಿತು. 1980ರಲ್ಲಿ ಹುಟ್ಟಿದ್ದ ಕರ್ನಾಟಕ ರಾಜ್ಯ ರೈತ ಸಂಘವು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಎದ್ದು ನಿಂತಿತು. 1992ರ ಡಿಸೆಂಬರ್ 29ರಂದು ಹಸಿರು ಶಾಲಿನ ರೈತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. 1993ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಏಳುತ್ತಿದ್ದ ಅದೇ ಕಂಪನಿಯ ಘಟಕದ ಮೇಲೆ ದಾಳಿ ನಡೆಯಿತು. ಆ ವರ್ಷದ ಗಾಂಧಿ ಜಯಂತಿಯಂದು ಬೀಜ ಸತ್ಯಾಗ್ರಹಕ್ಕಾಗಿ ರಾಜಧಾನಿಯಲ್ಲಿ ರೈತಸಾಗರವೇ ಸೇರಿತು.

ಆ ಹೋರಾಟ ಎಡೆದೊರೆ ನಾಡನ್ನು ಮುಟ್ಟಿದ್ದು 1998ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಅಮೆರಿಕದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಕಂಪನಿಯೂ ಅಲ್ಲಿನ ಕೃಷಿ ಇಲಾಖೆಯೂ ಜೊತೆಗೂಡಿ ಒಂದು ಪೇಟೆಂಟ್ ಪಡೆದಿದ್ದವು. ಬೆಳೆಯ ಕಾಳು ಮತ್ತೆ ಮೊಳೆಯದಂತೆ ಮಾಡುವ ಆ ವಿದ್ಯೆಗೆ ಜಗತ್ತು ಟರ್ಮಿನೇಟರ್ ಎಂದು ಹೆಸರಿಟ್ಟಿತು. ಅದೇ ಹೊತ್ತಿಗೆ ಮಹಿಕೋ ಮತ್ತು ಮಾನ್ಸಾಂಟೊ ಕಂಪನಿಗಳ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ದೇಶದ ಹಲವು ಹೊಲಗಳಲ್ಲಿ ನಡೆದಿತ್ತು. ರಾಜ್ಯದ ಕೃಷಿ ಸಚಿವರು ಪ್ರಯೋಗದ ಊರುಗಳ ಹೆಸರನ್ನು ಬಹಿರಂಗಪಡಿಸಿದಾಗ ಸಿಂಧನೂರು ಸೀಮೆಯ ಮಲದಕಲ್ ಅವುಗಳಲ್ಲಿ ಒಂದಾಗಿತ್ತು. ನವೆಂಬರ್ 28ರಂದು ರೈತ ಸಂಘದವರು ಅಲ್ಲಿ ನೆರೆದು, ಪ್ರಯೋಗದ ಹತ್ತಿಗಿಡಗಳನ್ನು ಕಿತ್ತು ಬೆಂಕಿಗಿಟ್ಟರು. ಹೊಲದೊಡೆಯನ ನಷ್ಟವನ್ನು ತಾವೇ ತುಂಬಿಕೊಡುವುದಾಗಿ ಸಂಘ ಮೊದಲೇ ಮಾತು ಕೊಟ್ಟಿತ್ತು.

ಸುಟ್ಟ ಗಿಡಗಳಲ್ಲಿ ಟರ್ಮಿನೇಟರ್ ವಿದ್ಯೆ ಇರಲಿಲ್ಲ ಎಂಬುದನ್ನು ಇತಿಹಾಸ ನೆನಪಿಡಬೇಕು. ಆದರೆ ರೈತರ ಪ್ರಶ್ನೆ ಸುಳ್ಳಾಗಿರಲಿಲ್ಲ. ದುಡ್ಡು ಕೊಟ್ಟು ತಂದ ಬೀಜ ನನ್ನದೋ, ಮಾರಿದವನದೋ? ಆ ಪ್ರಶ್ನೆಗೆ ಮಲದಕಲ್ಲಿನ ಬೆಂಕಿ ಜಗತ್ತಿನ ಕಿವಿ ತೆರೆಸಿತು. ಮರುವರ್ಷ ಮಾನ್ಸಾಂಟೊ ಕಂಪನಿಯೇ ಬಂಜೆಬೀಜದ ವಿದ್ಯೆಯನ್ನು ಮಾರುಕಟ್ಟೆಗೆ ತರುವುದಿಲ್ಲವೆಂದು ಸಾರಿತು. ಬಿಟಿ ಹತ್ತಿಗೆ 2002ರ ಮಾರ್ಚ್ 26ರಂದು ಕೇಂದ್ರದ ಅನುಮತಿ ಸಿಕ್ಕಿತು ನಿಜ. ಅದು ಈ ಸೀಮೆಯನ್ನೂ ಆವರಿಸಿತು. ಆದರೆ ಅದಕ್ಕೂ ಮೊದಲು, 2001ರಲ್ಲಿ, ಸಂಸತ್ತು ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ಮಾಡಿತ್ತು. ಅದರ 39ನೆಯ ಕಲಮು ರೈತನಿಗೆ ಬೀಜ ಉಳಿಸಿಕೊಳ್ಳುವ, ಬಿತ್ತುವ, ಮರುಬಿತ್ತುವ, ಹಂಚುವ, ಕಂಪನಿಯ ಹೆಸರು ಹಚ್ಚದೆ ಮಾರುವ ಹಕ್ಕನ್ನು ಬರೆದುಕೊಟ್ಟಿತು. ಸಂಕರಣದ ಕಟ್ಟನ್ನು ಕಾಯ್ದೆ ಬಿಡಿಸಲಾರದು. ಆದರೆ ಉಳಿಸಿಕೊಂಡ ಬೀಜಕ್ಕಾಗಿ ರೈತನನ್ನು ಕಳ್ಳನೆನ್ನುವ ದಾರಿಯನ್ನು ಅದು ಮುಚ್ಚಿತು.

ಕೊಂಡದ್ದು ಯಾರದು ಎಂಬ ಅದೇ ಪ್ರಶ್ನೆ ಇಂದು ಅದೇ ರೈತರ ಮಕ್ಕಳ ಮೊಬೈಲಿನ ಆಟಗಳಿಗೆ ಬಂದಿದೆ. ಹಿಂದೆ ವಿಡಿಯೋ ಗೇಮ್ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು, ಆಮೇಲೆ ಸಿಡಿಯಲ್ಲಿ ಬಂತು. ಕೊಂಡವನು ಆಡಬಹುದಿತ್ತು, ಗೆಳೆಯನಿಗೆ ಕೊಡಬಹುದಿತ್ತು, ಬೇಸರವಾದರೆ ಮಾರಬಹುದಿತ್ತು. ಡಿಸ್ಕಿನಲ್ಲಿ ತುಂಬಿ ಮಾರುವ ಸಾಫ್ಟ್‌ವೇರ್ ಕೂಡ ಸರಕೇ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿಯ ತೆರಿಗೆ ಮೊಕದ್ದಮೆಯಲ್ಲಿ ಹೇಳಿತು. ಆಟವು ಕಂಪನಿಯ ಸರ್ವರಿಗೆ ಸೇರಿದ ಮೇಲೆ ಕಾಲ ಬದಲಾಯಿತು. ಪಬ್ಜಿ ಎಂಬ ಮೊಬೈಲ್ ಆಟ ಆಡುತ್ತಿದ್ದ ಹುಡುಗರು ದುಡ್ಡು ಕೊಟ್ಟು ಯುಸಿ ಎಂಬ ಆಟದ ನಾಣ್ಯ ಹಾಕಿಸಿ, ಉಡುಪು ಬಂದೂಕುಗಳನ್ನು ಕೊಂಡಿದ್ದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರು ನಿಂತಿತು. ಮರುವರ್ಷ ಅದರ ಬದಲಿಗೆ ಬಂದ ಬಿಜಿಎಂಐ ಆಟಕ್ಕೆ ಹಳೆಯ ಸಾಮಾನನ್ನು ಸಾಗಿಸಲು ಕಂಪನಿ ಅವಕಾಶ ಕೊಟ್ಟಿತು. ಅದು ಅದರ ಕೃಪೆಯಾಗಿತ್ತು, ಆಡುವವರ ಹಕ್ಕಾಗಿರಲಿಲ್ಲ.

ಯುರೋಪಿನಲ್ಲಿ ಸರ್ಕಾರದ ನಿಷೇಧವೂ ಬೇಕಾಗಲಿಲ್ಲ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ ದಿ ಕ್ರೂ ಎಂಬ ಕಾರಿನಾಟವನ್ನು 2024ರ ಮಾರ್ಚ್ 31ಕ್ಕೆ ತಾನೇ ನಿಲ್ಲಿಸಿತು. ಪೂರ್ತಿ ಬೆಲೆ ತೆತ್ತವರ ಕೈಯಲ್ಲಿ ಆಡಲಾಗದ ಡಿಸ್ಕು ಉಳಿಯಿತು. ಅದರಿಂದ ಹುಟ್ಟಿದ ಚಳವಳಿಯ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಯುರೋಪಿಯನ್ನರು ಸಹಿ ಹಾಕಿದರು. ಆಟ ಮಾರುವಾಗ ಅದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾಯ್ದೆ ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಬೀಜ ಬದುಕಿನ ಆಧಾರ, ಆಟ ಬಿಡುವಿನ ಸಂತೋಷ. ಎರಡರ ತೂಕ ಒಂದಲ್ಲ. ಆದರೆ ಕೊಂಡವನ ಹಕ್ಕು ಎರಡರಲ್ಲೂ ಒಂದೇ, ಅದನ್ನು ಗಳಿಸುವ ದಾರಿಯೂ ಒಂದೇ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಮುರಿಯಬಹುದಾದ ಕರಾರನ್ನು ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ. ಅದು ಬುನಾದಿಯಷ್ಟೇ. ಬೀಜಕ್ಕೆ 39ನೆಯ ಕಲಮು ಇದ್ದಂತೆ ಆಟಕ್ಕೂ ಒಂದು ಕಲಮು ಬೇಕು: ಕಂಪನಿ ಸರ್ವರು ನಿಲ್ಲಿಸುವ ದಿನ, ಕೊಂಡವರು ತಾವೇ ಆಡಿಕೊಳ್ಳುವಂತೆ ಆಟವನ್ನು ಬಿಟ್ಟುಕೊಡಬೇಕು, ಇಲ್ಲವೇ ಹಣ ಮರಳಿಸಬೇಕು. ಯಾವ ಕಂಪನಿಯೂ ಇದನ್ನು ತಾನಾಗಿ ಕೊಡುವುದಿಲ್ಲ. ಬೀಜದ ಹಕ್ಕನ್ನೂ ಯಾರೂ ಕರೆದು ಕೊಡಲಿಲ್ಲ. ರೈತರು ಬೀದಿಗಿಳಿದು ಕೇಳಿದರು, ಆಮೇಲೆ ಸಂಸತ್ತು ಬರೆಯಿತು. ಅವರ ಮಕ್ಕಳೂ ಕೇಳಬೇಕು.